ಆರನೆಯ ಕೇಸರ

"ಐದೇ ಬರ್ದಿದ್ದೀಯಲ್ಲಮ್ಮಾ, ಆರನೇದೆಲ್ಲಿ?"

ಸಸ್ಯಶಾಸ್ತ್ರದ ಮೇಡಂ ದನಿಗೆ ಪ್ರಯೋಗಾಲಯದ ಪಿಸುಮಾತೆಲ್ಲ ನಿಂತುಹೋಯಿತು. ಪರೀಕ್ಷೆಗೆ ಕೊಟ್ಟಿದ್ದು ಸಾಸಿವೆ ಹೂವು; ಬಿಡಿಸಿ ನೋಡಿ ಚಿತ್ರ ಬರೆಯಬೇಕು. ಮೊದಲ ಬೆಂಚಿನ ಹುಡುಗಿ ಶಿಲುಬೆಯಂತೆ ಎದುರುಬದುರಾಗಿ ನಿಂತ ನಾಲ್ಕು ದಳಗಳನ್ನು ಮುದ್ದಾಗಿ ಬರೆದಿದ್ದಳು. ನಡುವೆ ಉದ್ದನೆಯ ಕೇಸರ ನಾಲ್ಕು, ಗಿಡ್ಡದು ಒಂದೇ ಒಂದು.

"ಇದ್ರಲ್ಲಿ ಅಷ್ಟೇ ಇದೆ ಮೇಡಂ. ಎರಡೆರಡು ಸಲ ಎಣಿಸಿದೆ."

"ಈ ಕುಲದ್ದು ಯಾವ ಹೂವಾದ್ರೂ ತಗೋ, ನಾಲ್ಕು ಉದ್ದ, ಎರಡು ಗಿಡ್ಡ. ಎಷ್ಟು ಸಲ ಬಡ್ಕೊಂಡಿದ್ದೀನಿ!"

ಬೇರೆ ಕಾಲೇಜಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಕನ್ನಡಕ ಏರಿಸಿಕೊಳ್ಳುತ್ತ ಹತ್ತಿರ ಬಂದರು. "ಏನು ತಾಯಿ, ಒಂದು ಕೇಸರ ಇವತ್ತು ಚಕ್ಕರ್ ಹೊಡೆದಿದೆಯೋ?" ಎಂದು ನಕ್ಕು, ಮೇಡಂ ಕಡೆ ತಿರುಗಿದರು. "ನೀವೇ ಅಲ್ವೇನಮ್ಮ ಇವರಿಗೆ ಪಾಠ ಮಾಡಿದ್ದು?"

ಮೇಡಂ ಕೆಲಸ ಖಾಯಂ ಆಗುವುದೂ ಬಿಡುವುದೂ ಆಯ್ಕೆ ಸಮಿತಿಯಲ್ಲೂ ಇದ್ದ ಈ ಹಿರಿಯರ ಒಂದು ಮಾತಿನ ಮೇಲೆ ನಿಂತಿತ್ತು. "ಇವಳು ಕ್ಲಾಸಿಗೇ ಸರಿಯಾಗಿ ಬರಲ್ಲ ಸರ್" ಎಂಬ ಮಾತು ನಾಲಿಗೆಯಿಂದ ಜಾರಿಯೇ ಹೋಯಿತು. ಒಂದು ದಿನವೂ ತರಗತಿ ತಪ್ಪಿಸದ ಹುಡುಗಿ ಬೆಪ್ಪಾಗಿ ತಲೆಯೆತ್ತಿದಳು.

ಆ ನೋಟದಿಂದ ತಪ್ಪಿಸಿಕೊಳ್ಳಲೆಂದೇ ಮೇಡಂ ಲೆನ್ಸಿಗೆ ಕಣ್ಣಿಟ್ಟರು. ಐದೇ ಇದ್ದವು. ಆರನೆಯದರ ಜಾಗದಲ್ಲಿ ಮುರಿದ ಮೋಟು. ಬೆಳಿಗ್ಗೆ ಹೂ ಹಂಚುವ ಮುಂಚೆ, ಪೂರ್ತಿ ಅರಳಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಚಿಮಟದಿಂದ ಇದರ ದಳ ಸರಿಸಿ ನೋಡಿದ್ದವರು ತಾವೇ. ಆಗಿನಿಂದ ಬೆರಳ ಸಂದಿಯಲ್ಲೇ ಇದ್ದ ಚಿಮಟವನ್ನು ಬೆಳಕಿಗೆ ಹಿಡಿದರು. ಅದರ ತುದಿಯಲ್ಲಿ ಹಳದಿ ಚೂರೊಂದು ಒಣಗಿ ಅಂಟಿಕೊಂಡಿತ್ತು.

"ಎಷ್ಟಿವೆಯಮ್ಮ?" ಪರೀಕ್ಷಕರು ಕೇಳಿದರು.

ಮೇಡಂ ಚಿಮಟವನ್ನು ಕರವಸ್ತ್ರದಲ್ಲಿ ಒರೆಸಿದರು.

"ಆರು ಸರ್."

"ನೋಡಿದ್ಯಾ ಮಗಳೇ? ಕಣ್ಣುಬಿಟ್ಟು ನೋಡಿದ್ರೆ ಎಲ್ಲಾ ಕಾಣುತ್ತೆ. ತಿದ್ದಿ ಕೊಡು, ಅಂಕ ಹಾಕೋಣ," ಎಂದು ಅವರು ಮುಂದಿನ ಬೆಂಚಿಗೆ ನಡೆದರು.

ಹುಡುಗಿ ಪೆನ್ಸಿಲ್ ಕೈಗೆತ್ತಿಕೊಂಡಳು. ಲೆನ್ಸಿನ ಕಡೆ ಬಗ್ಗಲೇ ಇಲ್ಲ. ಮೇಡಂ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಎಲ್ಲಿ ಬರೀಲಿ ಮೇಡಂ?"