ಅಕ್ಕನ ಮೈಬಣ್ಣ

ಕ್ರೀಮು ಅಕ್ಕನ ಕೆನ್ನೆಯ ಮೇಲೆ ಹರಡಲೇ ಇಲ್ಲ. ತಂಗಿ ಬೆರಳಿನಿಂದ ಒತ್ತಿದಳು, ತೀಡಿದಳು. ಅದು ಉಂಡೆಯುಂಡೆಯಾಗಿ ಕಿವಿಯ ಬಳಿಗೆ ಸರಿಯಿತು. ಕೆಳಗೆ ಅದೇ ಹಾಳು ಹಳದಿ. ಅಕ್ಕ ಬೆಳಗಿನ ಜಾವ ತೀರಿಕೊಂಡಿದ್ದಳು. ಅವಳ ಏಳು ವರ್ಷದ ಮಗಳನ್ನು ಕರೆತರಲು ಭಾವ ಹೋಗಿದ್ದ. ಇನ್ನರ್ಧ ಗಂಟೆಗೆ ಬಂದುಬಿಡುತ್ತಾರೆ.

ಕಾಮಾಲೆ ಏರಿದ ಮುಖವನ್ನು ಕಂಡು ಮಗು ಒಮ್ಮೆ ಬೆದರಿ ಹಿಂದೆ ಸರಿದಿತ್ತು. ಆಮೇಲೆ ಅಕ್ಕ ಅದನ್ನು ಹತ್ತಿರ ಕರೆಯಲಿಲ್ಲ. ತಂಗಿಯೋ, ಹದಿನಾಲ್ಕು ವರ್ಷದಿಂದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮುಖಕ್ಕೆ ಹಚ್ಚುವ ಕ್ರೀಮುಗಳನ್ನು ಸಿದ್ಧಪಡಿಸುವವಳು.

"ಊರವರ ಮುಖಕ್ಕೆಲ್ಲ ಬಣ್ಣ ಬಳೀತೀಯ, ನಂದೊಂದು ಹೆಚ್ಚಾಯ್ತಾ?" ಎಂದು ಅಕ್ಕ ಹೋದ ವಾರ ನಕ್ಕಿದ್ದಳು. "ನಾನು ಹೋದ್ಮೇಲಾದ್ರೂ ಮಗು ನನ್ನ ಮೊದಲಿನ ಮುಖ ನೋಡ್ಲಿ ಕಣೇ."

"ಸುಮ್ನಿರೆ, ಬಾಯಿಗೆ ಬಂದದ್ದು ಮಾತಾಡ್ಬೇಡ" ಎಂದು ಗದರಿದವಳು ಮರುದಿನವೇ ಹಳೆಯ ಫೋಟೋ ಎದುರಿಗಿಟ್ಟುಕೊಂಡು ತಕ್ಕಡಿಯ ಮುಂದೆ ಕುಳಿತಳು. ಹಳದಿಯನ್ನು ಅಡಗಿಸಲು ಚೂರು ನೇರಳೆ, ಮೇಲೆ ಅಕ್ಕನ ಗೋಧಿಬಣ್ಣ. ಒಂಬತ್ತು ಸಲ ಕೆಟ್ಟು, ಹತ್ತನೆಯ ಸಲ ಕೂಡಿಬಂತು. ತನ್ನ ತೋಳಿಗೆ ಹಚ್ಚಿ ನೋಡಿದಾಗ ಬೆಣ್ಣೆಯಂತೆ ಕರಗಿತ್ತು.

"ಏನಾಯ್ತೇ?" ಈಗ ಉಂಡೆಗಟ್ಟಿದ ಕ್ರೀಮು ಕಂಡು ಅಮ್ಮ ಹತ್ತಿರ ಬಂದಳು.

"ಮೈ ಬಿಸಿಗೆ ಕರಗೋ ಮೇಣ ಹಾಕಿದೀನಮ್ಮ" ಎಂದು ತಂಗಿ ಕೈ ಹಿಂದಕ್ಕೆಳೆದುಕೊಂಡಳು. ಅವಳು ಕಲಿತ ಲೆಕ್ಕವೆಲ್ಲ ಬದುಕಿದವರ ಚರ್ಮದ್ದು. ಯಾತಕ್ಕೆ ಮಾಡುತ್ತಿದ್ದೇನೆಂದು ಗೊತ್ತಿದ್ದೂ, ಅಕ್ಕನ ಕೆನ್ನೆ ತಣ್ಣಗಿರುತ್ತದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಒಂದು ವಾರ ಅದುಮಿಟ್ಟ ಅಳು ಈಗ ಕಟ್ಟೆಯೊಡೆಯಿತು.

ಅಮ್ಮ ಅಳಲಿಲ್ಲ. ಅಂಗೈಗಳನ್ನು ಪರಪರ ಉಜ್ಜಿಕೊಂಡು ದೊಡ್ಡ ಮಗಳ ಕೆನ್ನೆಗಳ ಮೇಲಿಟ್ಟು ಒತ್ತಿ ಹಿಡಿದಳು. "ನಾನು ಕೈ ತೆಗೆದ ತಕ್ಷಣ ಹಚ್ಚು. ಮಗು ಬಂದ್ಬಿಡುತ್ತೆ."

ಅಮ್ಮ ಕಾಯಿಸಿದಲ್ಲೆಲ್ಲ ತಂಗಿಯ ಬೆರಳು ಓಡಿತು. ಕೆನ್ನೆ, ಗಲ್ಲ, ಹಣೆ, ಕಣ್ಣಿನ ಕೆಳಗೆ. ಹೆತ್ತವಳಿಗೆ ಬರಬಾರದ ಕೆಲಸವದು. ಆದರೆ ಹಳದಿ ಮಾಯವಾಯಿತು, ಅಕ್ಕ ಮೊದಲಿನ ಅಕ್ಕನಾದಳು.

ಮಗು ಅಪ್ಪನ ಕೈ ಹಿಡಿದು ಒಳಗೆ ಬಂತು. ತಾಯಿ ಇನ್ನಿಲ್ಲವೆಂದು ಅವನು ದಾರಿಯುದ್ದಕ್ಕೂ ಹೇಳಿ ಕರೆತಂದಿದ್ದ. ಅದು ಹೆದರಲಿಲ್ಲ. ಹತ್ತಿರ ಹೋಗಿ ಬಗ್ಗಿ ಆ ಮುಖವನ್ನು ಚೆನ್ನಾಗಿ ನೋಡಿತು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿತು.

"ಅಪ್ಪ ಸುಳ್ಳು ಹೇಳ್ತಾರೆ. ಅಮ್ಮನಿಗೆ ವಾಸಿಯಾಗಿದೆ. ಏಳೋ ತನಕ ನಾನಿಲ್ಲೇ ಕೂತಿರ್ಲಾ ಚಿಕ್ಕಮ್ಮ?"