ಪೈಲ್ವಾನ್ ಸಾಯೋ ಶಾಟು

ಕುಸ್ತಿ ಬಿಟ್ಟು ಸಿನಿಮಾ ಸೇರಿದ ಪೈಲ್ವಾನ್ ಜವರಯ್ಯನಿಗೆ ಅದು ಮೊದಲ ಶೂಟಿಂಗು. ಮಣ್ಣಿನ ಅಖಾಡದಲ್ಲಿ ಹೀರೋ ಗುದ್ದಿದ ಕೂಡಲೇ ಬಿದ್ದು ಸಾಯಬೇಕು. ಅವನು ಪ್ರತಿ ಸಲವೂ ಬೋರಲಾಗಿಯೇ ಬಿದ್ದ.

“ಅಂಗಾತ ಬೀಳಯ್ಯಾ! ಸಾಯೋ ಮುಖ ಜನಕ್ಕೆ ಕಾಣ್ಬೇಕು,” ಎಂದು ನಿರ್ದೇಶಕರು ಕೂಗಿದರು.

“ಕುಸ್ತೀಲಿ ಬೆನ್ನು ಮಣ್ಣಿಗೆ ತಾಗಿದ್ರೆ ಸೋತಂಗೆ ಬುದ್ಧಿ. ಈ ಬೆನ್ನು ಇವತ್ತಿನವರ್ಗೂ ಮಣ್ಣು ಕಂಡಿಲ್ಲ.”

“ಇದು ನಾಟ್ಕ ಕಣೋ!”

“ನಾಟ್ಕ ಅಂತ ಬೆನ್ನಿಗೇನ್ ಗೊತ್ತು? ಸಾಯಿ ಅಂದ್ರೆ ಸಾಯ್ತೀನಿ, ಸೋಲು ಅಂದ್ರೆ ಆಗಕಿಲ್ಲ.”

“ಹಂಗಾದ್ರೆ ಮನೆಗೆ ಹೋಗು, ಬೇರೆಯವ್ರನ್ನ ಕರೆಸ್ತೀನಿ.”

“ಕರೆಸಿ. ಇಂಥಾ ಮೈ ಎಲ್ಲಾದ್ರೂ ಸಿಕ್ರೆ ನಂಗೂ ತೋರ್ಸಿ,” ಎಂದು ಜವರಯ್ಯ ಟವೆಲ್ಲು ಹೆಗಲಿಗೇರಿಸಿ ಹೊರಟೇಬಿಟ್ಟ.

“ನಿಲ್ಲೋ ಮಾರಾಯ!” ಎಂದ ನಿರ್ದೇಶಕರು ಅಖಾಡದಲ್ಲಿ ಗುಂಡಿ ತೋಡಿಸಿ, ಮೇಲೆ ದಪ್ಪ ಗಾಜು ಮುಚ್ಚಿಸಿ, ಕ್ಯಾಮೆರಾ ಹಿಡಿದು ತಾವೇ ಒಳಗೆ ಅಂಗಾತ ಮಲಗಿದರು.