ಸ್ಕಾರೆಗೆ ಸೆಕೆ

ಪಕ್ಕದ ಮನೆಯ ಹಾಲ್ವರನ ಅಂಗಳದ ನಾಯಿಗೂಡು ಖಾಲಿಯಿತ್ತು. ಬೇಲಿಯಾಚೆಯಿಂದ ಸೆಲ್ಮಾ ಕತ್ತು ಚಾಚಿ ಅಂಗಳವನ್ನೆಲ್ಲ ಹುಡುಕಿದಳು. ನಿನ್ನೆಯೂ ಅವನ ಮುದಿ ನಾಯಿ ಸ್ಕಾರೆ ಕಂಡಿರಲಿಲ್ಲ, ಮೊನ್ನೆಯೂ ಇಲ್ಲ.

ಓಸ್ಲೋ ನಗರ ಬಿಟ್ಟು ನಾರ್ವೆಯ ಈ ಕಣಿವೆಗೆ ಬಂದ ಮೊದಲ ವಾರದಲ್ಲೇ ಅವಳು ಎಡವಟ್ಟು ಮಾಡಿಕೊಂಡಿದ್ದಳು. ಹಿಮದಡಿ ಮುಚ್ಚಿಹೋಗಿ ಮಲಗಿದ್ದ ಸ್ಕಾರೆ ಸತ್ತೇಹೋಯಿತೆಂದು ಬೇಲಿ ಹಾರಿ, ಬರಿಗೈಯಲ್ಲಿ ಹಿಮ ಬಗೆದು ಗೋಳಾಡಿದ್ದಳು. ನಾಯಿ ಎದ್ದು, ಮೈ ಕೊಡವಿ, ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿ ಮಲಗಿತು.

"ಅದು ಮೂಸ್ ಜಿಂಕೆ ಬೇಟೆ ನಾಯಿ ಕಣಮ್ಮ, ನಿಮ್ಮ ಪೇಟೆ ಸೋಫಾ ನಾಯಿ ಅಲ್ಲ!" ಎಂದು ಹಾಲ್ವರ್ ಹೊಟ್ಟೆ ಹಿಡಿದು ನಕ್ಕಿದ್ದ. ಆ ನಗುವಿಗೆ ಮೈ ಉರಿದು ಅವಳು ಪ್ರಾಣಿ ಕಲ್ಯಾಣ ಇಲಾಖೆಗೆ ದೂರು ಬರೆದೇಬಿಟ್ಟಳು: ಮೈನಸ್ ಇಪ್ಪತ್ತರ ಚಳಿಯಲ್ಲಿ ನಾಯಿಯನ್ನು ಹೊರಗಿಟ್ಟಿದ್ದಾರೆ. ತಪಾಸಣೆಯವರು ಬಂದು, ಗೂಡಿನ ಒಣಹುಲ್ಲನ್ನು ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂದು ಹೊರಟುಹೋದರು. ಅಂದಿನಿಂದ ಹಾಲ್ವರ್ ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಹಿಂದೆಲ್ಲ ಬೇಟೆಗಾರರು ಮುದಿ ನಾಯಿಯನ್ನು ಕಾಡಿಗೆ ಕರೆದೊಯ್ದು ತಾವೇ ಗುಂಡು ಹಾರಿಸುತ್ತಿದ್ದರಂತೆ. ಈ ದೂರಿನ ರಗಳೆಯೇ ಬೇಡವೆಂದು ಹಾಲ್ವರ್ ಕೂಡ... ಅಯ್ಯೋ, ನಾನೇ ಕೊಂದುಬಿಟ್ಟೆನಲ್ಲ! ಸೆಲ್ಮಾ ಓಡಿಹೋಗಿ ಬಾಗಿಲು ಬಡಿದಳು.

ಬಾಗಿಲು ತೆರೆದದ್ದು ಹಾಲ್ವರನ ಹೆಂಡತಿ ಸಿಗ್ರುನ್. ಮೈಮೇಲೆ ದಪ್ಪ ಕೋಟು, ಕೈಗೆ ಉಣ್ಣೆಯ ಗವಸು, ತಲೆಗೆ ಟೋಪಿ.

"ಎಲ್ಲಿಗೋ ಹೊರಟಿದ್ರಾ?"

"ಎಲ್ಲಿಗೂ ಇಲ್ಲಮ್ಮ, ಮನೇಲೇ ಇದ್ದೀನಿ. ಬಾ. ಬೂಟು ಮಾತ್ರ ಬಿಚ್ಬೇಡ, ಕಾಲು ಸೆಟೆದು ಹೋಗುತ್ತೆ."

ಒಳಗೆ ಒಲೆ ತಣ್ಣಗಿತ್ತು. ಒಂದು ಕಿಟಕಿ ಪೂರ್ತಿ, ಇನ್ನೊಂದು ಅರ್ಧ ತೆರೆದಿತ್ತು. ಬೇಟೆಯ ಕೋಟು ತೊಟ್ಟು ನೆಲದ ಮೇಲೆ ಕುಳಿತಿದ್ದ ಹಾಲ್ವರನ ತೊಡೆಯ ಮೇಲೆ ತಲೆಯಿಟ್ಟು ಸ್ಕಾರೆ ನೆಮ್ಮದಿಯಾಗಿ ಮಲಗಿತ್ತು.

"ಹಿಂಗಾಲು ಬಿದ್ದುಹೋಯ್ತು," ಎಂದಳು ಸಿಗ್ರುನ್. "ಗಂಟೆಗೊಂದ್ಸಲ ಎತ್ತಿ ಮಗ್ಗುಲು ಬದಲಿಸ್ಬೇಕು, ಒಳಗೇ ಇಟ್ಕೊಳ್ಳಿ ಅಂದ್ರು ಡಾಕ್ಟ್ರು. ಹುಟ್ಟಿದಾಗಿಂದ ಹೊರಗೇ ಇದ್ದ ಜೀವ, ಒಲೆ ಸೆಕೆ ತಡೀಲಿಲ್ಲ. ಒಂದೇ ಸಮ ಏದುಸಿರು, ಊಟಾನೂ ಬಿಡ್ತು. ಈ ಮಹಾರಾಯ ಒಲೇನೇ ಆರಿಸಿಬಿಟ್ರು! ಮೂರು ದಿನ ಆಯ್ತು."

ಸೆಲ್ಮಾ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತಳು. "ನಂದು ತಪ್ಪಾಯ್ತು. ಆ ದೂರು..."

ಹಾಲ್ವರ್ ತಲೆಯೆತ್ತಲಿಲ್ಲ. "ಇನ್ನೊಂದು ಬರಕೋ. ಈ ಸಲ ಹೆಂಡ್ತೀನ ಚಳೀಲಿ ಇಟ್ಟಿದ್ದಾನೆ ಅಂತ."

ಸಿಗ್ರುನ್ ಕಿಸಕ್ಕನೆ ನಕ್ಕಳು. ನಾಯಿ ನಿದ್ದೆಯಲ್ಲೇ ಒಮ್ಮೆ ಬಾಲ ಬಡಿಯಿತು. ಸೆಲ್ಮಾ ಕಣ್ಣೊರೆಸಿಕೊಂಡು, ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಳು. ಆಮೇಲೆ ಹೋಗಿ, ಅರ್ಧ ಮುಚ್ಚಿದ್ದ ಆ ಇನ್ನೊಂದು ಕಿಟಕಿಯನ್ನು ಪೂರ್ತಿ ತೆರೆದಳು.